ಗಾಳಿಯ ಹೊತ್ತು ನೋಡಿ ವಿಂಡ್ ಕೇವ್‌ಗೆ ಹೋದದ್ದು

ಅಮೆರಿಕದ ಸೌತ್ ಡಕೋಟಾದಲ್ಲಿರುವ ವಿಂಡ್ ಕೇವ್ ನ್ಯಾಷನಲ್ ಪಾರ್ಕ್ ನೋಡಿ ಬಂದ ನಮ್ಮ ಡೆನ್ವರ್ ಕಡೆಯವರು ಹೇಳುವುದು ಹೆಚ್ಚುಕಡಿಮೆ ಒಂದೇ. ಬೈಸನ್ (ಅಲ್ಲಿನ ಕಾಡುಕೋಣ) ಕಂಡಿತು, ಗವಿ ನೋಡಿದ್ವಿ, ಗಾಳಿ ಮಾತ್ರ ಇರಲಿಲ್ಲ. ಗವಿಯ ಗಾಳಿ ಹೋಗಿಬರುವ ಹಳೇ ದ್ವಾರದ ತೂತಿನ ಮುಂದೆ ಕೈ ಚಾಚಿ ನಿಂತು, ಫೋಟೊ ತೆಗೆಸಿಕೊಂಡು ವಾಪಸ್. ನನಗೂ ಮೊದಲೆಲ್ಲ ಹಾಗೇ ಆಗಿತ್ತು. ಈ ಸಲ ಏಪ್ರಿಲ್ ಕೊನೆಯಲ್ಲಿ ಗಾಳಿ ಸಿಕ್ಕಿತು, ಅದೂ ಅದೃಷ್ಟದ ಮೇಲೆ ಅಲ್ಲ. ಮೂರು ದಿನ ಮುಂಚೆಯೇ "ಶುಕ್ರವಾರ ಮಧ್ಯಾಹ್ನ ಗವಿ ಊದುತ್ತೆ, ಶನಿವಾರ ಎಳೆಯುತ್ತೆ" ಅಂತ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದು ಹಾಕಿದ್ದೆ. "ಗಾಳಿ ಕುಡಿಯೋಕೆ ಆರು ಗಂಟೆ ಡ್ರೈವ್ ಮಾಡ್ತೀಯಾ ಮಾರಾಯ?" ಅಂತ ನಕ್ಕವರಿಗೆ ಈಗ ವಿಡಿಯೊ ಕಳಿಸಿದ್ದೇನೆ.

ಹೊರಗೆ ಗಾಳಿಯ ಒತ್ತಡ ಇಳಿದರೆ ಗವಿ ಊದುತ್ತದೆ, ಏರಿದರೆ ಒಳಗೆ ಎಳೆದುಕೊಳ್ಳುತ್ತದೆ. 1881ರಲ್ಲಿ ಬಿಂಗ್‌ಹ್ಯಾಮ್ ಅಣ್ಣತಮ್ಮಂದಿರ ಟೋಪಿ ಹಾರಿಸಿದ ತೂತು, ಕೆಲವು ದಿನ ಬಿಟ್ಟು ಗೆಳೆಯರಿಗೆ ತೋರಿಸಲು ಹೋದಾಗ ಟೋಪಿಯನ್ನೇ ನುಂಗಿತಂತೆ. ಆ ಕಥೆಯನ್ನು ಎಲ್ಲ ಟೂರ್‌ನಲ್ಲೂ ಹೇಳುತ್ತಾರೆ. ಆದರೆ ಯಾವ ದಿನ ಊದುತ್ತದೆ ಅಂತ ಮನೆಯಲ್ಲಿ ಕೂತೇ ಹೇಳಬಹುದು ಅಂದರೆ ಯಾರೂ ನಂಬುತ್ತಿರಲಿಲ್ಲ.

ಮೊದಲ ಸಲ ಹೋದದ್ದು ಜುಲೈನಲ್ಲಿ. ಶುಭ್ರ ಆಕಾಶ, ಎಲೆ ಅಲುಗುತ್ತಿರಲಿಲ್ಲ, ತೂತಿನ ಮುಂದೆ ಹಿಡಿದ ಟಿಶ್ಯೂ ಪೇಪರ್ ಕೂಡ ಅಲುಗಲಿಲ್ಲ. ಆಮೇಲೊಮ್ಮೆ ಒತ್ತಡ ತುಂಬಾ ಕಡಿಮೆ ಇದೆ ಅಂತ ನೋಡಿಕೊಂಡೇ ಹೊರಟೆ. ಆವತ್ತೂ ಏನಿಲ್ಲ. ಯಾಕಂದ್ರೆ ಹಿಂದಿನ ದಿನದಿಂದಲೇ ಅದು ಕಡಿಮೆ ಇತ್ತು, ಹೊರಗಿನದಕ್ಕೆ ಒಳಗಿನದು ಆಗಲೇ ಸರಿಹೊಂದಿಬಿಟ್ಟಿತ್ತು. ಒತ್ತಡ ಎಷ್ಟಿದೆ ಅನ್ನುವುದರಿಂದ ಉಪಯೋಗವಿಲ್ಲ, ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದೇ ಮುಖ್ಯ ಅಂತ ಹೊಳೆದದ್ದು ಆವತ್ತು ರಾತ್ರಿ, ಹಾಟ್ ಸ್ಪ್ರಿಂಗ್ಸ್ ಊರಿನ ಒಂದು ಮೋಟೆಲ್‌ನಲ್ಲಿ. ಆ ಮೋಟೆಲ್ ರೂಮಿಗೇ 90 ಡಾಲರ್ ಹೋಗಿತ್ತು. ಇನ್ನೊಂದು ಸಲ ಹಿಮ ಬಿದ್ದು ವಯೋಮಿಂಗ್‌ನಲ್ಲಿ ಹೈವೇ ಮುಚ್ಚಿದರು, ಮುಂಗಡ ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಈಗ ನಾನು ಹಿಂದಿನ ದಿನದವರೆಗೂ ರದ್ದು ಮಾಡಬಹುದಾದ ರೂಮನ್ನೇ ಹಿಡಿಯುವುದು, 10 ಡಾಲರ್ ಜಾಸ್ತಿ ಆದರೂ ಸರಿ.

ಗಾಳಿಯ ಒತ್ತಡ ತೋರಿಸುವ ಫೋನಿನ ಬ್ಯಾರೋಮೀಟರ್ ನಂಬಿ ಹೊರಡಬೇಡಿ. ವಯೋಮಿಂಗ್‌ನ ಷಾಯೆನ್ ಊರು ದಾಟಿ ಉತ್ತರಕ್ಕೆ ಹೋಗುವಾಗ ರಸ್ತೆ ಇಳಿಯುತ್ತದೆ, ಫೋನಿನಲ್ಲಿ ಒತ್ತಡ ಏರುತ್ತಾ ಹೋಗುತ್ತದೆ. ಅದು ಹವಾಮಾನ ಅಲ್ಲ, ರಸ್ತೆ. ನಾನು ನೋಡುವುದು ಪಾರ್ಕಿಗೆ ಹತ್ತಿರದ ರ‍್ಯಾಪಿಡ್ ಸಿಟಿ ವಿಮಾನ ನಿಲ್ದಾಣದ ಗಂಟೆ ಗಂಟೆಯ ಅಂಕಿ ಮತ್ತು ಮುಂದಿನ ಮೂರು ದಿನದ ಮುನ್ಸೂಚನೆ. ಮೂರು ಗಂಟೆಯಲ್ಲಿ 3-4 ಹೆಕ್ಟೊಪಾಸ್ಕಲ್ (ಒತ್ತಡದ ಅಳತೆ) ಇಳಿಯುವ ಹಾಗಿದ್ದರೆ ಬ್ಯಾಗ್ ಕಟ್ಟುತ್ತೇನೆ. ರಾಕೀಸ್ ಬೆಟ್ಟದ ಈ ಪಕ್ಕದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಇಂಥ ಅವಕಾಶ ಆಗಾಗ ಬರುತ್ತದೆ. ಇನ್ನೊಂದು ವಿಷಯ, ಹೊರಗೆ ಒತ್ತಡ ಏರಲು ಶುರುವಾದ ತಕ್ಷಣ ಗವಿಯ ಗಾಳಿ ದಿಕ್ಕು ಬದಲಿಸುವುದಿಲ್ಲ, ಒಳಗೆ ಅಷ್ಟು ದೊಡ್ಡದು. ಎಷ್ಟು ಗಂಟೆ ತಡ ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ, ಎರಡು ವರ್ಷದ ಪೆಟ್ರೋಲ್ ಖರ್ಚು ಅದರಲ್ಲಿದೆ!

ಈ ಸಲದ್ದು ಹೇಳುತ್ತೇನೆ. ಗುರುವಾರ ಮಧ್ಯಾಹ್ನ ತಲುಪಿದೆವು, ನಾನು ಮತ್ತು ನಮ್ಮನೆಯವಳು. ಬಿರುಗಾಳಿಗೆ ಮುಂಚಿನ ದಿನ ಬಿಸಿಲು ಚೆನ್ನಾಗಿರುತ್ತದೆ, ಅದನ್ನು ಹುಲ್ಲುಗಾವಲಿಗೆ ಇಟ್ಟುಕೊಳ್ಳಬೇಕು. ಇದೇ ನನ್ನ ಇಡೀ ಪ್ಲಾನ್: ಒಳ್ಳೆ ದಿನ ಮೇಲೆ, ಕೆಟ್ಟ ದಿನ ನೆಲದ ಕೆಳಗೆ. ಎಲ್ಲರೂ ಬಿಸಿಲಿನ ದಿನ ಗವಿ ನೋಡಿ, ಮಳೆ ದಿನ ಕಾರಿನಲ್ಲಿ ಕೂತು ಹುಲ್ಲು ನೋಡುತ್ತಾರೆ. ಪೂರ್ವದ ಕಡೆಯ 5 ಮತ್ತು 6ನೇ ನಂಬರಿನ ಮಣ್ಣಿನ ರಸ್ತೆಗಳಿಗೆ ಅವತ್ತೇ ಹೋದೆವು. ಮಳೆ ಬಿದ್ದ ಮೇಲೆ ಅಲ್ಲಿ ಸಣ್ಣ ಕಾರು ಕಷ್ಟ. ಬೈಸನ್ ಹಿಂಡು ರಸ್ತೆಗೆ ಅಡ್ಡ ನಿಂತಿತ್ತು, ಕಿತ್ತಳೆ ಬಣ್ಣದ ಪುಟ್ಟ ಕರುಗಳು ಆಗಲೇ ಇದ್ದವು. ಎಂಜಿನ್ ಆರಿಸಿ ಮುಕ್ಕಾಲು ಗಂಟೆ ಕೂತೆವು, ಚಿತ್ರಾನ್ನದ ಡಬ್ಬಿ ಅಲ್ಲೇ ಖಾಲಿ. 1913ರಲ್ಲಿ ನ್ಯೂಯಾರ್ಕಿನಿಂದ ರೈಲಿನಲ್ಲಿ ತಂದ 14 ಮತ್ತು 1916ರಲ್ಲಿ ಯೆಲ್ಲೋಸ್ಟೋನ್‌ನಿಂದ ಬಂದ 6, ಅಷ್ಟರಿಂದ ಬೆಳೆದ ಹಿಂಡು ಇದು. 25 ಗಜ ದೂರ ನಿಲ್ಲಿ ಅನ್ನುತ್ತಾರೆ. ಕರು ಇರುವಾಗ ನಾನು ಅದರ ಎರಡರಷ್ಟು ನಿಲ್ಲುತ್ತೇನೆ.

ಶುಕ್ರವಾರ ಬೆಳಿಗ್ಗೆಯೇ ಮೋಡ ಕಟ್ಟಿತು. ಪಾರ್ಕ್ ಪ್ರವೇಶ ಉಚಿತ, ಗವಿಯ ಟೂರ್‌ಗೆ ಮಾತ್ರ ಟಿಕೆಟ್. ತಲೆಗೆ 15-20 ಡಾಲರ್ ಒಳಗೆ ಆಯಿತು. ಬೇಸಿಗೆಯಲ್ಲಿ ಆನ್‌ಲೈನ್ ಟಿಕೆಟ್ ಮುಂಚೆಯೇ ಮುಗಿದುಹೋಗುತ್ತದೆ, ನಮ್ಮ ಮೂರು ದಿನದ ಮುನ್ಸೂಚನೆ ಅದಕ್ಕೆ ಒಗ್ಗುವುದಿಲ್ಲ. ಏಪ್ರಿಲ್‌ನಲ್ಲಿ ಕೌಂಟರ್‌ನಲ್ಲೇ ಆರಾಮಾಗಿ ಸಿಕ್ಕಿತು.

ತೂತಿನ ಹತ್ತಿರ ಹೋದಾಗ ಸುಮಾರು ಎರಡು ಗಂಟೆ. ಹೊರಗೆ 3-4 ಡಿಗ್ರಿ ಸೆಲ್ಸಿಯಸ್ ಇರಬಹುದು. ಬಗ್ಗಿದರಷ್ಟೇ ಮುಖಕ್ಕೆ ಬರುವಷ್ಟು ಚಿಕ್ಕ ತೂತು ಅದು, ಒಬ್ಬ ತೆಳ್ಳಗಿನವನು ನುಸುಳಬಹುದು ಅಷ್ಟೇ. ಬಗ್ಗಿದ ಕೂಡಲೇ ನನ್ನ ಕನ್ನಡಕ ಬೆಳ್ಳಗಾಯಿತು. ಗವಿಯ ಗಾಳಿ ವರ್ಷವಿಡೀ ಸುಮಾರು 12 ಡಿಗ್ರಿ, ಅದೂ ಹಸಿ. ತಣ್ಣಗಿದ್ದ ಗಾಜಿಗೆ ಬಡಿದು ಮಂಜಾಗಿ ಕೂತಿತು. ಒರೆಸಿದರೆ ಮತ್ತೆ ಅದೇ. ಹೆಂಡತಿಯ ದುಪಟ್ಟಾದ ತುದಿ ಹೊರಗಡೆಗೆ ನೆಟ್ಟಗೆ ಹಾರುತ್ತಿತ್ತು. "ಇಷ್ಟಕ್ಕಾ ಇಷ್ಟು ದಿನ ಒದ್ದಾಡಿದ್ದು?" ಅಂದಳು, ಆದರೆ ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಒಂದು ಮಾತು: ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರ ನಂಬಿಕೆಯಲ್ಲಿ ಅವರ ಪೂರ್ವಜರು ಈ ಲೋಕಕ್ಕೆ ಬಂದದ್ದು ಇಲ್ಲಿಂದಲೇ. ದಾರ, ರಿಬ್ಬನ್ ಏನೇ ಇದ್ದರೂ ಹೊರಗೇ ಹಿಡಿಯಿರಿ, ಒಳಗೆ ತೂರಿಸಬೇಡಿ.

ಇಲ್ಲೊಂದೆರಡು ಉಪ ಪ್ರಯೋಗ. 30 ಡಾಲರ್ ಕೊಟ್ಟು ತಂದಿದ್ದ ಕೈಯಲ್ಲಿ ಹಿಡಿಯುವ ಗಾಳಿ ಅಳೆಯುವ ಯಂತ್ರ ಒಂದೊಂದು ಸಲ ಒಂದೊಂದು ತೋರಿಸಿತು, ತೂತಿನ ಅಂಚಿನಲ್ಲಿ ಗಾಳಿ ಸುತ್ತುತ್ತದೆ. ನಮ್ಮನೆಯ ಹೊಲಿಗೆ ಡಬ್ಬಿಯ ರೇಷ್ಮೆ ದಾರವೇ ಅದಕ್ಕಿಂತ ವಾಸಿ. ಇನ್ನೊಂದು, ಗವಿಯೊಳಗೆ ಫೋನ್ ಇಟ್ಟುಕೊಂಡು ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಹಿಂದಿದೆ ನೋಡೋಣ ಅಂತ ಇತ್ತು. ಕೆಲಸ ಮಾಡಲಿಲ್ಲ. 60 ಮೀಟರ್ ಇಳಿದರೇ 6 ಹೆಕ್ಟೊಪಾಸ್ಕಲ್ ತಾನಾಗೇ ಏರುತ್ತದೆ, ನಮಗೆ ಬೇಕಾದ ಸಣ್ಣ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ. ಯಾರಾದರೂ ಆಳ ಕಳೆದು ಲೆಕ್ಕ ಹಾಕಿದ್ದರೆ ಹೇಳಿ.

ಟೂರ್ ನ್ಯಾಚುರಲ್ ಎಂಟ್ರೆನ್ಸ್ ಹೆಸರಿನದು ತೆಗೆದುಕೊಳ್ಳಿ. 300 ಮೆಟ್ಟಿಲು, ಹೆಚ್ಚಿನವು ಇಳಿಯುವವೇ, ವಾಪಸ್ ಲಿಫ್ಟ್. ಬಾಗಿಲು ತೆರೆದಾಗ ಬೆನ್ನಿಗೋ ಮುಖಕ್ಕೋ ಗಾಳಿ ಬಡಿಯುವುದು ಇದರಲ್ಲೇ. ಒಳಗೆ ಚಾವಣಿಯ ಜೇನುಗೂಡಿನಂಥ ಕಲ್ಲಿನ ರಚನೆ, ಅಂದರೆ ಬಾಕ್ಸ್‌ವರ್ಕ್ ನೋಡಿ. ಗೆದ್ದಲು ತಿಂದ ಹಳೇ ಕಪಾಟಿನ ಹಲಗೆಯ ಹಾಗೆ, ಮೆತ್ತಗಿನದೆಲ್ಲ ಹೋಗಿ ತೆಳ್ಳಗಿನ ಗೋಡೆಗಳಷ್ಟೇ ಉಳಿದಿವೆ. ಜಗತ್ತಿನಲ್ಲಿ ಗೊತ್ತಿರುವ ಬಾಕ್ಸ್‌ವರ್ಕ್‌ನಲ್ಲಿ ಶೇಕಡಾ 95ರಷ್ಟು ಈ ಗವಿಯಲ್ಲೇ ಇದೆ ಅನ್ನುತ್ತಾರೆ. ಫ್ಲಾಷ್ ನೇರ ಹೊಡೆದರೆ ಚಪ್ಪಟೆ ಕಾಣುತ್ತದೆ. ಪಕ್ಕದಿಂದ ಬೀಳುವ ಬೆಳಕಿಗೆ ಕಾದು ಹೊಡೆಯಿರಿ. ನಾನು ನಿಂತ ಜಾಗ ಮಾತ್ರ ಕೇಳಬೇಡಿ, ಗುಂಪಿನಲ್ಲಿ ಎಲ್ಲರೂ ಅಲ್ಲೇ ನಿಂತರೆ ರೇಂಜರ್ ಬೈಯುತ್ತಾರೆ.

ಶನಿವಾರ ಬೆಳಿಗ್ಗೆ ಹುಲ್ಲಿನ ಮೇಲೆ ಎರಡು ಇಂಚು ಹಿಮ. ಒತ್ತಡ ಏರುತ್ತಿತ್ತು. ಹೋಗಿ ನೋಡಿದರೆ ಗವಿ ಇನ್ನೂ ಮೆಲ್ಲಗೆ ಊದುತ್ತಲೇ ಇತ್ತು. ಕಾಫಿ ಕುಡಿದು, ಅಳಿಲಿನ ಜಾತಿಯ ಪ್ರೇರಿ ಡಾಗ್‌ಗಳು ಹಿಮದಲ್ಲಿ ಬಿಲದ ಬಾಯಿ ತೆರವು ಮಾಡುವುದನ್ನು ನೋಡಿ ಬರುವಷ್ಟರಲ್ಲಿ ದಾರ ತೂತಿನ ಕಡೆಗೆ ತಿರುಗಿತ್ತು. ಲೆಕ್ಕಕ್ಕಿಂತ ಒಂದು ಗಂಟೆ ತಡ, ಪರವಾಗಿಲ್ಲ. ಅದರ ವಿಡಿಯೊ ಹಾಕಿದ ಮೇಲೇ ಗುಂಪಿನಲ್ಲಿ ಬಾಯಿ ಮುಚ್ಚಿದ್ದು.

ಒಟ್ಟು ಖರ್ಚು: ಹೋಗಿಬರಲು 700 ಮೈಲಿ ಆಸುಪಾಸು, ಪೆಟ್ರೋಲ್ 85 ಡಾಲರ್, ಎರಡು ರಾತ್ರಿ ರೂಮು 180, ಟಿಕೆಟ್ ಮತ್ತು ಚಿಲ್ಲರೆ ಸೇರಿ 50. ಊಟ ಮನೆಯದೇ. ಪಾರ್ಕಿನೊಳಗೆ ಪೆಟ್ರೋಲ್ ಬಂಕ್ ಇಲ್ಲ, ದಾರಿಯಲ್ಲಿ ಸಿಗುವ ಲಸ್ಕ್ ಊರಿನಲ್ಲೇ ಟ್ಯಾಂಕ್ ತುಂಬಿಸಿ. ಬೇರೆ ಗವಿಗೆ ಹಾಕಿಕೊಂಡು ಹೋಗಿದ್ದ ಶೂ, ಬಟ್ಟೆ ಬೇಡ. ಬಾವಲಿಗಳ ರೋಗ ಹರಡುತ್ತದೆ ಅಂತ ಟೂರ್‌ಗೆ ಮುಂಚೆ ಕೇಳಿಯೇ ಕೇಳುತ್ತಾರೆ.