ಒಡ್ಡೋಲಗದಲ್ಲೇ ಯುದ್ಧ ಮುಗಿಸಿದ ಕತೆ

ದೆಹಲಿಯ ಒಳಾಂಗಣ ವೆಲೋಡ್ರೋಮ್‌ನಲ್ಲಿ ನನ್ನ ಮೊದಲ ಪರ್ಸೂಟ್, ಅಂದರೆ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ ಸೈಕಲ್ ರೇಸು. 12ನೇ ಸುತ್ತಿನಲ್ಲಿ ಹಿಂದಿನಿಂದ ‘ಗುಂಯ್’ ಅಂತ ಸದ್ದು ಬಂತು. ಕಡ್ಡಿಗಳಿಲ್ಲದ, ತಟ್ಟೆಯಂಥ ಡಿಸ್ಕ್ ಚಕ್ರದ ಸದ್ದು. ಟ್ರ್ಯಾಕಿನ ಆಚೆ ಬದಿಯಿಂದ ಹೊರಟಿದ್ದ ವಿಜಯಪುರದ ಹುಡುಗ ನನ್ನನ್ನು ಹಿಡಿದು, ಹೊರಗಿನಿಂದ ದಾಟಿ ಹೋದ. ನಾಲ್ಕನೇ ಸುತ್ತು ಮುಗಿದಾಗ ನಾನೇ ಅವನಿಗಿಂತ 40 ಮೀಟರ್‌ಗೂ ಜಾಸ್ತಿ ಮುಂದಿದ್ದೆ.

ಇಂಡಿವಿಜುವಲ್ ಪರ್ಸೂಟ್ ಹೇಳೋಕೆ ಸುಲಭ. 250 ಮೀಟರ್ ಟ್ರ್ಯಾಕು. ಇಬ್ಬರು ಎದುರು ಬದುರಿನ ಬದಿಗಳಿಂದ ಒಂದೇ ಕ್ಷಣಕ್ಕೆ ಹೊರಡುತ್ತಾರೆ. ಗಂಡಸರಿಗೆ 4 ಕಿಲೋಮೀಟರ್, ಅಂದರೆ 16 ಸುತ್ತು. ಅರ್ಹತಾ ಹಂತದಲ್ಲಿ ಗಡಿಯಾರವೇ ಎದುರಾಳಿ, ಯಾರಾದರೂ ದಾಟಿ ಹೋದರೂ ನಿಮ್ಮ ದೂರ ನೀವು ಮುಗಿಸಬೇಕು. ಫೈನಲ್‌ನಲ್ಲಿ ಹಾಗಲ್ಲ, ಹಿಡಿದರೆ ಅಲ್ಲಿಗೇ ಮುಗೀತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಫೈನಲ್‌ನಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್, ಜರ್ಮನಿಯ ಯೆನ್ಸ್ ಲೆಹ್ಮನ್‌ನನ್ನು ಹಾಗೇ ಹಿಡಿದು ಚಿನ್ನ ಗೆದ್ದದ್ದು. 2008ರ ನಂತರ ಈ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ತೆಗೆದೇ ಬಿಟ್ಟರು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಉಳಿದಿದೆ ಅನ್ನೋದೇ ಸಮಾಧಾನ.

ನಾನು ಶಿರಸಿಯವ, ಕೆಲಸ ಕಾರವಾರದಲ್ಲಿ. 2010ರ ಕಾಮನ್‌ವೆಲ್ತ್ ಕೂಟದಲ್ಲಿ ಇದೇ ದೆಹಲಿ ಟ್ರ್ಯಾಕಿನ ಮೇಲೆ ಆಸ್ಟ್ರೇಲಿಯಾದ ಜಾಕ್ ಬಾಬ್ರಿಜ್ ಪರ್ಸೂಟ್ ಚಿನ್ನ ಗೆದ್ದಾಗ ಟಿವಿ ಮುಂದೆ ಕೂತಿದ್ದೆ. ಆಗ ನನಗೆ ಸೈಕಲ್ ಅಂದರೆ ದೇವಿಮನೆ ಘಟ್ಟ. ಕುಮಟಾ ಕಡೆ ಇಳಿಯೋದು, ಮತ್ತೆ ಹತ್ತೋದು. ಘಟ್ಟದಲ್ಲಿ ಮೈ ಹೇಳಿದ್ದು ಕೇಳಿದರೆ ಸಾಕು. ಉಸಿರು ಕಟ್ಟಿದರೆ ಗೇರ್ ಇಳಿಸಿದರಾಯ್ತು. ಟ್ರ್ಯಾಕ್ ಸೈಕಲ್ಲಿಗೆ ಇರೋದು ಒಂದೇ ಗೇರು. ಬ್ರೇಕ್ ಇಲ್ಲ, ಫ್ರೀವೀಲ್ ಇಲ್ಲ. ಚಕ್ರ ತಿರುಗುವಷ್ಟು ಹೊತ್ತು ಕಾಲೂ ತಿರುಗಬೇಕು.

ವರ್ಷಗಳ ನಂತರ ರಾಷ್ಟ್ರಮಟ್ಟದ ಒಂದು ಕೂಟಕ್ಕೆ ಅವಕಾಶ ಸಿಕ್ಕಿತು. ಸೈಕಲ್ಲು ಎರವಲಿನದು. ಜತೆಗೆ ಬಂದವನು ಅಂಕೋಲಾದ ಗೆಳೆಯ. ಲೆಕ್ಕ ಅವನೇ ಹಾಕಿದ. ನಿಂತಲ್ಲಿಂದ ಹೊರಡುವ ಮೊದಲ ಸುತ್ತಿಗೆ 25 ಸೆಕೆಂಡ್, ಉಳಿದ 15 ಸುತ್ತಿಗೆ ತಲಾ 20. ಒಟ್ಟು 5 ನಿಮಿಷ 25 ಸೆಕೆಂಡ್. ದೊಡ್ಡವರ ಲೆಕ್ಕ ಬೇರೆ ಬಿಡಿ. 2024ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇಟಲಿಯ ಜೊನಾಥನ್ ಮಿಲಾನ್ 3 ನಿಮಿಷ 59.153 ಸೆಕೆಂಡಿಗೆ ಮುಗಿಸಿದ. ನಿಂತಲ್ಲಿಂದ ಹೊರಟಿದ್ದೂ ಸೇರಿ ಸುತ್ತಿಗೆ ಸರಾಸರಿ 15 ಸೆಕೆಂಡಿಗಿಂತ ಕಡಿಮೆ.

ಸವಾರನಿಗೆ ತನ್ನ ಸಮಯ ಗೊತ್ತಾಗೋದು ಹೇಗೆ? ತಲೆ ಎತ್ತಿ ಬೋರ್ಡು ನೋಡೋಕಾಗಲ್ಲ, ಎತ್ತಿದರೆ ಗಾಳಿ ಎದೆಗೇ ಬಡಿಯುತ್ತದೆ. ಇದಕ್ಕೊಂದು ಹಳೇ ಉಪಾಯ ಇದೆ. ಟ್ರ್ಯಾಕಿನ ಒಳಬದಿಯಲ್ಲಿ, ನಾವು ಹೊರಟ ಗೆರೆಯ ಪಕ್ಕ ಒಬ್ಬ ನಿಲ್ಲುತ್ತಾನೆ. ಲೆಕ್ಕ ಸರಿಯಿದ್ದರೆ ಗೆರೆಯ ಮೇಲೇ ಇರುತ್ತಾನೆ. ನಾವು ಬೇಗ ಇದ್ದರೆ ಗೆರೆ ದಾಟಿ ಮುಂದೆ ನಡೆಯುತ್ತಾನೆ, ತಡವಾದರೆ ಹಿಂದಕ್ಕೆ. ಸೆಕೆಂಡಿಗೊಂದು ಹೆಜ್ಜೆ ಅಂತ ನಮ್ಮ ಒಪ್ಪಂದ.

ಹಿಂದಿನ ಚಕ್ರವನ್ನು ಗೇಟ್ ಕಚ್ಚಿ ಹಿಡಿದಿತ್ತು. ಗಡಿಯಾರ 50ರಿಂದ ಇಳಿಯತೊಡಗಿತು. ಕೊನೆಯ ಐದಕ್ಕೆ ಬೀಪ್, ಬೀಪ್. ಗೇಟ್ ಬಿಟ್ಟಿತು. ಮೊದಲ ಸುತ್ತು 22.5. ಮುಂದಿನದು 18.5. ಅದರ ಮುಂದಿನದೂ 18.5. ಕಾಲಲ್ಲಿ ಭಾರವೇ ಇಲ್ಲ! ಆರನೇ ಸುತ್ತಿಗೆ ಗೆಳೆಯ ಗೆರೆಯಿಂದ ಏಳು ಹೆಜ್ಜೆ ಮುಂದಿದ್ದ. ‘ನಿಧಾನ, ನಿಧಾನ’ ಅಂತ ಎರಡೂ ಕೈ ಕೆಳಗೆ ಒತ್ತುತ್ತಿದ್ದ. ನನಗೆ ಅದು ಚಪ್ಪಾಳೆ ಹಾಗೆ ಕಂಡಿತು.

ಮೋಸ ಇರೋದೇ ಇಲ್ಲಿ. ಮೊದಲ ಕೆಲವು ಸೆಕೆಂಡ್ ಸ್ನಾಯು ತನ್ನಲ್ಲೇ ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡುತ್ತದೆ. ಉಸಿರು, ರಕ್ತ, ಆಮ್ಲಜನಕ ಎಲ್ಲ ಹದಕ್ಕೆ ಬರೋಕೆ ಒಂದು ನಿಮಿಷವಾದರೂ ಬೇಕು. ಅಲ್ಲಿಯವರೆಗೆ ಎಷ್ಟು ತುಳಿದರೂ ಹಗುರ ಅನ್ನಿಸುತ್ತದೆ. ಸಾಲ ಮಾಡಿ ಮದುವೆ ಊಟ ಹಾಕಿದ ಹಾಗೆ.

ಎಂಟರ ನಂತರ 21, 22 ಆಯ್ತು. ತಿರುವಿನಲ್ಲಿ ಸೈಕಲ್ಲು ಸುತ್ತಿನ ದೂರ ಅಳೆಯುವ ಕಪ್ಪು ಗೆರೆಯಿಂದ ಕೆಳಗೆ ಜಾರತೊಡಗಿತು. ಟ್ರ್ಯಾಕಿನ ಒಳ ಅಂಚಿಗೆ ನೀಲಿ ಪಟ್ಟಿ ಇರುತ್ತದೆ, ‘ಕೋತ್ ದಾಜೂರ್’ ಅಂತ ಫ್ರೆಂಚ್ ಹೆಸರು. ನೀಲಿ ಕರಾವಳಿ ಅಂತ ಅರ್ಥ. ಅಲ್ಲಿ ಯಾರೂ ಇಳಿಯದಿರಲಿ ಅಂತ ತಿರುವುಗಳಲ್ಲಿ ಸ್ಪಂಜಿನ ತುಂಡು ಸಾಲಾಗಿ ಇಟ್ಟಿರುತ್ತಾರೆ. ನಾನು ಎರಡನ್ನು ಹಾರಿಸಿದೆ. ಕರಾವಳಿಯಿಂದ ಹೋದವನಿಗೆ ಅಲ್ಲೂ ಕರಾವಳಿಯೇ ಬೇಕಾಯ್ತು ನೋಡಿ. ಹುಡುಗ ನನ್ನನ್ನು ದಾಟಿದ ಅದೇ ಸುತ್ತಿನಲ್ಲಿ ಗೆಳೆಯ ಗೆರೆಯ ಹಿಂದಕ್ಕೆ ಹೋದ. ಆಮೇಲೆ ಹಿಂದೆ ಹಿಂದೆ ಹೋಗುತ್ತಲೇ ಇದ್ದ. 5 ನಿಮಿಷ 38.5.

ಊರಿಗೆ ಬಂದು ಸುತ್ತುಗಳ ಚೀಟಿಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಅವನು ಸೈಕಲ್ ಮುಟ್ಟಿದವನಲ್ಲ, ಆದರೆ ಯಕ್ಷಗಾನದ ಹುಚ್ಚು. ಅಲ್ಲಿ ಒಡ್ಡೋಲಗ ಅಂದರೆ ಪಾತ್ರ ಮೊದಲ ಸಲ ರಂಗಕ್ಕೆ ಬರುವಾಗಿನ ಕುಣಿತ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದ. “ಒಡ್ಡೋಲಗದಲ್ಲೇ ಯುದ್ಧ ಮುಗ್ಸಿದ್ಯಲಾ ತಮಾ” ಅಂದ. ಯಾವ ಕೋಚ್ ಕೂಡ ಇಷ್ಟು ಚಂದ ಹೇಳಲಿಕ್ಕಿಲ್ಲ.

ಆ ವರ್ಷದ ಮಳೆಗಾಲ ಪೂರ್ತಿ ಕಾರವಾರದ ಬಾಡಿಗೆ ಮನೆಯ ಜಗಲಿಯಲ್ಲಿ ರೋಲರ್ (ಸೈಕಲ್ಲು ನಿಂತಲ್ಲೇ ತುಳಿಯೋಕೆ ಚಕ್ರದಡಿ ಇಡುವ ಉರುಳೆಗಳು) ಹಾಕಿಕೊಂಡು ತುಳಿದೆ. ಹೊರಗೆ ಧೋ ಅಂತ ಮಳೆ, ಪಕ್ಕದಲ್ಲಿ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಫೋನಿನ ಮೆಟ್ರೊನೋಮ್. ನನ್ನ ಗೇರ್ ಮುಂದೆ 50 ಹಲ್ಲು, ಹಿಂದೆ 15. ಪೆಡಲ್ ಒಂದು ಸುತ್ತಿಗೆ ಸೈಕಲ್ಲು 7 ಮೀಟರ್ ಹೋಗುತ್ತದೆ. 20 ಸೆಕೆಂಡಿಗೆ ಒಂದು ಸುತ್ತು ಬರಬೇಕಾದರೆ ನಿಮಿಷಕ್ಕೆ 107 ಸಲ ಕಾಲು ತಿರುಗಬೇಕು. ಮೆಟ್ರೊನೋಮ್ ಅಷ್ಟಕ್ಕೇ ಇಟ್ಟೆ. ಜಾಸ್ತಿ ಶಕ್ತಿ ಗಳಿಸೋಕಲ್ಲ, 107 ಅಂದರೆ ಹೇಗಿರುತ್ತದೆ ಅಂತ ಕಾಲಿಗೆ ಕಲಿಸೋಕೆ. ಮೊದಮೊದಲು ಬೇಸರ ಬಂದು ಅಳು ಬರೋದೊಂದೇ ಬಾಕಿ. ಸೆಪ್ಟೆಂಬರ್ ಹೊತ್ತಿಗೆ ಫೋನ್ ಬಂದ್ ಮಾಡಿ ತುಳಿದರೂ ಎರಡು ಮೂರು ಆಚೀಚೆ ಅಷ್ಟೇ. ಮಳೆ ನಿಂತ ಮೇಲೆ ಕಾಳಿ ನದಿಯ ಪಕ್ಕ ಕದ್ರಾ ಕಡೆ ಹೋಗುವ ರಸ್ತೆಯಲ್ಲಿ, ಗಾಳಿ ಏಳುವ ಮೊದಲು, ಬೆಳಿಗ್ಗೆ ಆರಕ್ಕೆ ನಾಲ್ಕು ನಿಮಿಷದ ಓಟಗಳು. ರಸ್ತೆಗೆ ಬೇರೆ ಸೈಕಲ್ಲು, ಬ್ರೇಕ್ ಇರುವಂಥದ್ದು. ಬ್ರೇಕಿಲ್ಲದ ಟ್ರ್ಯಾಕ್ ಸೈಕಲ್ಲನ್ನು ಎಮ್ಮೆಗಳ ನಡುವೆ ಓಡಿಸುವಷ್ಟು ಧೈರ್ಯ ನನಗಿಲ್ಲ.

ಮರುವರ್ಷ ಮತ್ತೆ ಅದೇ ಟ್ರ್ಯಾಕು. ಮೊದಲ ಸುತ್ತು 25.4. ಎದುರಾಳಿ ಆಗಲೇ ದೂರ ಹೋಗಿದ್ದ. ಅಟ್ಟಿಸಿಕೊಂಡು ಹೋಗಬೇಕು ಅಂತ ಮೈಯೆಲ್ಲ ತುರಿಸಿದ ಹಾಗೆ ಆಯ್ತು. ಬಾಯಲ್ಲೇ ಎಣಿಸಿದೆ. 250 ಮೀಟರಿಗೆ ಪೆಡಲ್ 36 ಸಲ. ಗೆಳೆಯ ಗೆರೆಯ ಮೇಲೆ. ಮುಂದಿನ ಸುತ್ತಿಗೂ ಗೆರೆಯ ಮೇಲೆ. 12 ದಾಟಿದ ಮೇಲೆ ಇನ್ನೂ ಏನೋ ಉಳಿದಿದೆ ಅನ್ನಿಸಿ ಜೋರಾಗಿ ತುಳಿದೆ. ಕೊನೆಯ ನಾಲ್ಕು ಸುತ್ತು ತಲಾ 19.3ರ ಆಸುಪಾಸು. ಒಟ್ಟು 5 ನಿಮಿಷ 23.7. ಪಟ್ಟಿಯ ಕೆಳಗಿನ ಅರ್ಧದಲ್ಲೇ ಇತ್ತು ನನ್ನ ಹೆಸರು.

ಸೈಕಲ್ಲು ನಿಲ್ಲಿಸೋಕೆ ಇನ್ನೂ ಮೂರು ಸುತ್ತು ಬೇಕಾಯ್ತು. ಕೆಳಗೆ ಇಳಿದು ಒಳಬದಿಗೆ ಬಂದಾಗ ಗೆಳೆಯ ಕೂತು ಮೀನಖಂಡ ತಿಕ್ಕಿಕೊಳ್ಳುತ್ತಿದ್ದ.

“ಹೋದ ವರ್ಷ ಎಷ್ಟು ನಡೆಸಿದ್ದೆ ಮಾರಾಯಾ,” ಅಂದ. “ಈ ಸಲ ಸುಮ್ನೆ ನಿಂತು ನಿಂತು ಕಾಲು ಜೋಮು ಹಿಡೀತು.”