ಮಾರ್ಕೆಟ್ ಮಂದ ಇರುವಾಗ ಬೆಂಗಳೂರಿನಲ್ಲಿ ಫ್ಲ್ಯಾಟ್ ಮಾರುವುದು, ಕೊಳ್ಳುವುದು ಹೇಗೆ?

ಮಾರಬೇಕು ಅಂತ ಹೊರಟವರು ತಿಂಗಳುಗಟ್ಟಲೆ ಫೋನು ಕಾಯುತ್ತಾ ಕೂತಿರುತ್ತಾರೆ. ಕೊಳ್ಳಬೇಕು ಅಂದುಕೊಂಡವರು ರೇಟು ಇನ್ನೂ ಇಳಿಯಬಹುದೇನೋ ಅಂತ ಬಾಡಿಗೆ ಕಟ್ಟುತ್ತಾ ಕಾಯುತ್ತಾರೆ. ಐಟಿಯಲ್ಲಿ ಕೆಲಸ ಹೋಗುವ ಸುದ್ದಿ ಬಂತೆಂದರೆ ಇಬ್ಬರಿಗೂ ನಿದ್ದೆ ಇಲ್ಲ. ಇಂಥ ಹೊತ್ತಿನಲ್ಲಿ ಎರಡೂ ಕಡೆಯವರಿಗೆ ನಾನು ಹೇಳುವುದು ಒಂದೇ: ಮೊದಲು ಕಾಗದ ನೋಡಿ, ಆಮೇಲೆ ರೇಟು ಮಾತಾಡಿ. ಮಾರ್ಕೆಟ್ ಬಿಸಿ ಇದ್ದಾಗ ಅರ್ಧಂಬರ್ಧ ಕಾಗದಕ್ಕೂ ಗಿರಾಕಿ ಸಿಗುತ್ತಾರೆ. ಮಂದ ಇದ್ದಾಗ ಕೊಳ್ಳುವವರ ಮುಂದೆ ಇನ್ನೂ ಹತ್ತು ಮನೆ ಇರುತ್ತವೆ. ಒಂದು ಪ್ರಶ್ನೆಗೆ ಉತ್ತರ ತಡವಾದರೆ ಸಾಕು, ಅವರು ಮುಂದಿನ ಮನೆಗೆ ಹೋಗುತ್ತಾರೆ.

ಇದನ್ನು ಬೆಂಗಳೂರಿನ ರೀಸೇಲ್ ಫ್ಲ್ಯಾಟ್ ಇಟ್ಟುಕೊಂಡು ಬರೆದಿದ್ದೇನೆ. ಸೈಟಿಗೂ ಮನೆಗೂ ಬಹುಪಾಲು ಹೊಂದುತ್ತದೆ. ಆದರೆ ರೆವಿನ್ಯೂ ಸೈಟು (ಕೃಷಿ ಜಮೀನಿನಲ್ಲಿ ಮಾಡಿದ ಸೈಟು) ಬೇರೆಯೇ ಕಥೆ, ಅದಕ್ಕೆ ಕನ್ವರ್ಷನ್ನು (ಕೃಷಿಯೇತರ ಬಳಕೆಗೆ ಅನುಮತಿ), ಪಹಣಿ, ಆ ಜಮೀನು ಎಸ್‌ಸಿ/ಎಸ್‌ಟಿ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದೇ ಅನ್ನುವುದು ಎಲ್ಲ ನೋಡಬೇಕು. ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಎಷ್ಟೋ ವರ್ಷದ ಮೇಲೂ ವ್ಯವಹಾರ ರದ್ದಾಗಬಹುದು. ಅಗ್ಗಕ್ಕೆ ಸಿಗುತ್ತಿದೆ ಅಂತ ಮಾತ್ರ ಆ ಕಡೆ ಹೋಗಬೇಡಿ.

ಮಾರುವವರು ಮೊದಲು ಮಾಡಬೇಕಾದ್ದು

ಜಾಹೀರಾತು ಹಾಕುವ ಮೊದಲೇ ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಪಾಲಿಕೆಯ ಡಿಜಿಟಲ್ ದಾಖಲೆ) ತೆಗೆದುಕೊಳ್ಳಿ. 2024ರ ಅಕ್ಟೋಬರ್ ಕೊನೆಯಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ರಿಜಿಸ್ಟ್ರೇಶನ್ ಆಗುವುದಿಲ್ಲ. ಎಷ್ಟೋ ಜನ ಗಿರಾಕಿ ಸಿಕ್ಕ ಮೇಲೆ ಮಾಡಿಸಿದರಾಯಿತು ಅಂದುಕೊಳ್ಳುತ್ತಾರೆ. ಆಮೇಲೆ ನೋಡಿದರೆ ಕ್ರಯಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇನಿಷಿಯಲ್, ಹಳೇ ಖಾತೆಯಲ್ಲಿ ಅಳತೆಯೇ ಬೇರೆ. ಇದನ್ನೆಲ್ಲ ಸರಿಮಾಡಿಸಲು ಓಡಾಡುವಷ್ಟರಲ್ಲಿ ಕೊಳ್ಳುವವರ ಸಾಲದ ಮಂಜೂರಾತಿಯ ಅವಧಿಯೇ ಮುಗಿದಿರುತ್ತದೆ.

ಜೊತೆಗೆ ಒಂದು ಫೈಲು ಮಾಡಿ. ಮೂಲಪತ್ರದಿಂದ ನಿಮ್ಮ ಕ್ರಯಪತ್ರದವರೆಗಿನ ಎಲ್ಲ ಪತ್ರಗಳು, ರಿಜಿಸ್ಟ್ರೇಶನ್ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ತೆಗೆದ ಇಸಿ (ಆಸ್ತಿಯ ಮೇಲೆ ರಿಜಿಸ್ಟರ್ ಆದ ಕ್ರಯ, ಸಾಲಗಳ ಪಟ್ಟಿ), ಈ ವರ್ಷದವರೆಗಿನ ತೆರಿಗೆ ರಸೀದಿ, ಮಂಜೂರಾದ ಪ್ಲ್ಯಾನು, ಒಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಪ್ರಮಾಣಪತ್ರ), ಅಸೋಸಿಯೇಷನ್‌ಗೆ ಬಾಕಿ ಇಲ್ಲ ಅನ್ನುವ ಪತ್ರ. ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಕೊಳ್ಳುವವರು ಕೇಳಿದ ಸಂಜೆಯೇ ನೀವು ಕಳಿಸಿದಿರಿ ಅಂದರೆ ಅವರಿಗೆ ಬರುವ ನಂಬಿಕೆಯೇ ಬೇರೆ.

ಅಪ್ಪನ ಹೆಸರಲ್ಲಿದ್ದ ಮನೆ ಮಾರುವವರಿಗೆ ಒಂದು ಮಾತು. ಹಿಂದೂ ಕುಟುಂಬದಲ್ಲಿ ಅಪ್ಪ ವಿಲ್ ಬರೆಯದೆ ಹೋಗಿದ್ದರೆ ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರಿಗೂ ಪಾಲಿದೆ. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಇದೆ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಸಮಪಾಲು, ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ವಿಭಾಗ, ಮಾರಾಟಗಳನ್ನು ಕಾನೂನು ಹಾಗೇ ಉಳಿಸಿದೆ. ಅಕ್ಕನಿಗೆ ಮದುವೆಯಲ್ಲಿ ಕೊಟ್ಟಿದ್ದೇವೆ, ಅವಳು ಏನೂ ಕೇಳಲ್ಲ ಅಂತ ಬಾಯಲ್ಲಿ ಹೇಳಿದರೆ ಕೊಳ್ಳುವವರ ವಕೀಲರು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಅಕ್ಕತಂಗಿಯರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ರಿಜಿಸ್ಟರ್ ಆದ ರಿಲೀಸ್ ಡೀಡ್ (ಪಾಲಿನ ಹಕ್ಕು ಬಿಟ್ಟುಕೊಟ್ಟ ಪತ್ರ) ಬೇಕು. ಅಕ್ಕತಂಗಿಯರ ಪಾಲನ್ನು ಕೊಟ್ಟು, ನೆಮ್ಮದಿಯಾಗಿ ಮಾರಿ. ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ಮನೆಯವರು ಜಗಳ ಆಡುವುದಕ್ಕಿಂತ ದೊಡ್ಡ ನಷ್ಟ ಇಲ್ಲ.

ಸಾಲ ಇನ್ನೂ ಇದೆಯೇ? ಅದು ಅಡ್ಡಿ ಅಲ್ಲ. ನಿಮ್ಮ ಬ್ಯಾಂಕಿನಿಂದ ಬಾಕಿ ಎಷ್ಟು ಅನ್ನುವ ಪತ್ರ ಮತ್ತು ಅವರ ಹತ್ತಿರ ಇರುವ ದಾಖಲೆಗಳ ಪಟ್ಟಿ ತೆಗೆದುಕೊಳ್ಳಿ. ಕೊಳ್ಳುವವರ ಬ್ಯಾಂಕು ಆ ಬಾಕಿಯನ್ನು ನೇರವಾಗಿ ನಿಮ್ಮ ಬ್ಯಾಂಕಿಗೆ ಕಟ್ಟುತ್ತದೆ, ಮಿಕ್ಕಿದ್ದು ನಿಮಗೆ. ವೈಯಕ್ತಿಕ ಹೋಮ್ ಲೋನ್ ಫ್ಲೋಟಿಂಗ್ ಬಡ್ಡಿಯದ್ದಾದರೆ ಮುಂಚೆ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ಸ್ವಂತ ದುಡ್ಡಿನಿಂದ ತೀರಿಸಿದರೆ ಮೂಲ ದಾಖಲೆಗಳನ್ನು 30 ದಿನದೊಳಗೆ ಬ್ಯಾಂಕು ವಾಪಸ್ ಕೊಡಬೇಕು, ತಮ್ಮಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕೌಂಟರಿನಲ್ಲಿ ಸುಮ್ನೆ ಅಲೆದಾಡಿಸಿದರೆ ಈ ನಿಯಮವನ್ನು ಪತ್ರದಲ್ಲಿ ಬರೆದು ಕೊಡಿ.

ಇನ್ನು ರೇಟು. ಆನ್‌ಲೈನ್‌ನಲ್ಲಿ ಪಕ್ಕದ ಫ್ಲ್ಯಾಟಿಗೆ 1 ಕೋಟಿ ಅಂತ ಹಾಕಿರುವುದು ಅವರ ಆಸೆ, ಅಷ್ಟೇ. ಅದಕ್ಕೆ ಮಾರಾಟ ಆಗಿದೆಯೇ ಅನ್ನುವುದು ಮುಖ್ಯ. ನಿಮ್ಮದೇ ಅಪಾರ್ಟ್‌ಮೆಂಟ್‌ನಲ್ಲಿ ಇತ್ತೀಚೆಗೆ ಮಾರಾಟವಾದ ಫ್ಲ್ಯಾಟಿನ ವಿವರ ಗೊತ್ತಿದ್ದರೆ ಅದರ ಇಸಿ ತೆಗೆಸಿ ನೋಡಿ, ಎಷ್ಟಕ್ಕೆ ರಿಜಿಸ್ಟರ್ ಆಗಿದೆ ಅಂತ ಕಾಣುತ್ತದೆ. ಕೆಲವರು ಸ್ವಲ್ಪ ದುಡ್ಡು ನಗದಾಗಿ ಕೊಟ್ಟಿರುತ್ತಾರೆ, ಹಾಗಾಗಿ ಅದೇ ಪೂರ್ತಿ ಸತ್ಯ ಅನ್ನಲಾಗದು. ಆದರೂ ಬ್ರೋಕರ್ ಬಾಯಿಮಾತಿಗಿಂತ ಮೇಲು. ಖಾಲಿ ಬಿಟ್ಟ ಮನೆಗೆ ತಿಂಗಳ ಮೇಂಟೆನೆನ್ಸ್, ಸಾಲದ ಬಡ್ಡಿ, ಬರದೇ ಹೋದ ಬಾಡಿಗೆ ಮೂರನ್ನೂ ಕೂಡಿಸಿ. ಎರಡು ಲಕ್ಷಕ್ಕೆ ಹಠ ಹಿಡಿದು ಎಂಟು ತಿಂಗಳು ಕಾದರೆ ಆ ಎರಡು ಲಕ್ಷ ಅಲ್ಲೇ ಕರಗಿರುತ್ತದೆ, ಅಲ್ವಾ?

ಹೊಸದಾಗಿ ಮಾರಾಟಕ್ಕೆ ಇಡುವುದಾದರೆ ಆಷಾಢ ಮತ್ತು ಪಿತೃಪಕ್ಷ ತಪ್ಪಿಸಿ. ನೀವು ನಂಬುತ್ತೀರೋ ಇಲ್ಲವೋ, ಕೊಳ್ಳುವವರ ಮನೆಯ ಹಿರಿಯರು ನಂಬುತ್ತಾರೆ. ಆ ತಿಂಗಳಲ್ಲಿ ಕಾಗದ ಸರಿಮಾಡಿಸಿಕೊಳ್ಳಿ, ಸೋರುವ ಬಾತ್‌ರೂಮು ರಿಪೇರಿ ಮಾಡಿಸಿ, ಸುಣ್ಣಬಣ್ಣ ಮಾಡಿಸಿ. ಶ್ರಾವಣಕ್ಕೆ ಜಾಹೀರಾತು ಹಾಕಿ.

ವಿದೇಶದಲ್ಲಿರುವವರು ಮಾರುವಾಗ

ಅಮೆರಿಕ, ದುಬೈ ಕಡೆ ಇರುವ ನಮ್ಮವರು ಇಲ್ಲಿಯ ಫ್ಲ್ಯಾಟ್ ಮಾರುವಾಗ ಟಿಡಿಎಸ್ (ಕೊಳ್ಳುವವರು ಬೆಲೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ವಿಷಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇಲ್ಲೇ ಇರುವವರಿಂದ ಕೊಂಡರೆ ಬೆಲೆ 50 ಲಕ್ಷ ಮುಟ್ಟಿದಾಗ 1% ಟಿಡಿಎಸ್ ಹಿಡಿದರೆ ಸಾಕು. ಎನ್‌ಆರ್‌ಐ ಆದರೆ ಆ 50 ಲಕ್ಷದ ಮಿತಿಯೇ ಇಲ್ಲ, ದರವೂ ತುಂಬಾ ಜಾಸ್ತಿ. ನಿಮ್ಮ ನಿಜವಾದ ಲಾಭ ಕಡಿಮೆ ಇದ್ದರೆ, ಮುಂಚೆಯೇ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಟಿಡಿಎಸ್‌ನ ಪ್ರಮಾಣಪತ್ರ ತೆಗೆದುಕೊಳ್ಳಿ. ಅದಕ್ಕೆ ಸಮಯ ಹಿಡಿಯುತ್ತದೆ. ತಮ್ಮನಿಗೋ ಭಾವನಿಗೋ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಭಾರತದ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು.

ಕೊಳ್ಳುವವರಿಗೆ: ಮೊದಲು ಕೈಯಲ್ಲಿರುವ ದುಡ್ಡು ಎಣಿಸಿ

80 ಲಕ್ಷದ ಫ್ಲ್ಯಾಟ್ ಅಂತ ಇಟ್ಟುಕೊಳ್ಳೋಣ. ಸಾಲ 30 ಲಕ್ಷದಿಂದ 75 ಲಕ್ಷದೊಳಗಿದ್ದರೆ ಬ್ಯಾಂಕು ಬೆಲೆಯ 80%ವರೆಗೆ ಕೊಡಬಹುದು, ಅಂದರೆ 64 ಲಕ್ಷ. 16 ಲಕ್ಷ ನಿಮ್ಮದು. ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು ಸರ್‌ಚಾರ್ಜು, ರಿಜಿಸ್ಟ್ರೇಶನ್ ಶುಲ್ಕ 2%. ಈ ಶುಲ್ಕ 2025ರ ಆಗಸ್ಟ್ 31ರಿಂದ 1%ರಿಂದ ಎರಡು ಪಟ್ಟಾಯಿತು, ಹಳೇ ಲೆಕ್ಕ ಹಿಡಿದು ಕೂರಬೇಡಿ. ಎಲ್ಲ ಸೇರಿ ಸುಮಾರು 6 ಲಕ್ಷ. ಬ್ರೋಕರ್ ಕಮಿಷನ್, ವಕೀಲರ ಫೀಸು, ಅಸೋಸಿಯೇಷನ್‌ನ ವರ್ಗಾವಣೆ ಶುಲ್ಕ, ಮನೆ ಸಾಮಾನು ಸಾಗಿಸುವುದು, ಒಂದಿಷ್ಟು ರಿಪೇರಿ. ಕಡಿಮೆ ಅಂದರೂ 24 ಲಕ್ಷ ಸ್ವಂತದ್ದು ಬೇಕು. ಆಮೇಲೂ ಕೆಲಸ ಹೋದರೆ ಆರು ತಿಂಗಳ ಇಎಂಐ ಕಟ್ಟುವಷ್ಟು ಉಳಿದಿರಬೇಕು. ಇಷ್ಟು ಇಲ್ಲದಿದ್ದರೆ ರೇಟು ಎಷ್ಟೇ ಇಳಿದಿರಲಿ, ಇನ್ನೊಂದು ವರ್ಷ ಬಾಡಿಗೆ ಮನೆಯಲ್ಲೇ ಇರಿ. ಅಪ್ಪ ಅಮ್ಮನ ರಿಟೈರ್ಮೆಂಟ್ ದುಡ್ಡು ಮುಟ್ಟಬೇಡಿ.

ಹುಡುಕುವ ಮೊದಲೇ ಬ್ಯಾಂಕಿಗೆ ಹೋಗಿ ನಿಮಗೆ ಎಷ್ಟು ಸಾಲ ಸಿಗುತ್ತದೆ ಅಂತ ಬರೆಸಿಕೊಳ್ಳಿ. ಸಾಲ ಖಚಿತ ಇರುವ ಗಿರಾಕಿಗೆ ಮಾರುವವರು ಬೇಗ ರೇಟು ಇಳಿಸುತ್ತಾರೆ.

ಬ್ಯಾಂಕು ಸಾಲ ಕೊಟ್ಟಿತು ಅಂದರೆ ಕಾಗದ ಸರಿ ಇದೆ ಅಂತ ನಂಬಿಬಿಡುತ್ತಾರೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿಗೆ ಬೇಕಾದಷ್ಟನ್ನು. ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ, ಮಾರುವವರೋ ಬ್ರೋಕರೋ ತೋರಿಸಿದವರನ್ನು ಬೇಡ. ಎ ಖಾತಾನೋ (ನಿಯಮದ ಪ್ರಕಾರ ಇರುವ ಆಸ್ತಿ) ಬಿ ಖಾತಾನೋ (ಅನುಮೋದನೆಯಲ್ಲಿ ಕೊರತೆ ಇರುವ ಆಸ್ತಿ) ನೋಡಿ. ಒಸಿ ಇದೆಯೇ ಕೇಳಿ. ಬೆಂಗಳೂರಿನಲ್ಲಿ ಒಸಿ ಇಲ್ಲದ ಅಪಾರ್ಟ್‌ಮೆಂಟುಗಳು ಬೇಕಾದಷ್ಟಿವೆ, ಎಲ್ಲರೂ ಇದ್ದಾರಲ್ಲ ಏನಾಗುತ್ತೆ ಅಂತ ಹೇಳುತ್ತಾರೆ. ಆದರೆ ಒಸಿ ನೋಡಿದ ಮೇಲೆಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇದು ಸಣ್ಣ ಮಾತಲ್ಲ. ನಾಳೆ ನೀವು ಮಾರುವಾಗ ನಿಮ್ಮ ಗಿರಾಕಿಗೆ ಸಾಲ ಸಿಗಬೇಕಲ್ಲ. ಕ್ರಯಪತ್ರ ಇಲ್ಲದೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮನೆ ಮಾರುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ, ಬರೀ ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ತೀರ್ಪಾಗಿದೆ.

ನೀರಿನ ವಿಷಯ ವಾಚ್‌ಮ್ಯಾನ್ ಹತ್ತಿರ ಕೇಳಿ, ಪಕ್ಕದ ಮನೆಯವರ ಹತ್ತಿರ ಕೇಳಿ. 2024ರ ಬೇಸಿಗೆಯಲ್ಲಿ ಊರೆಲ್ಲ ನೀರಿಗೆ ಪರದಾಡಿದಾಗ ಈ ಬಿಲ್ಡಿಂಗಿಗೆ ದಿನಕ್ಕೆ ಎಷ್ಟು ಟ್ಯಾಂಕರ್ ಬಂತು? ಕಾವೇರಿ ಕನೆಕ್ಷನ್ ಇದೆಯೇ? ಮೇಂಟೆನೆನ್ಸ್ ಎಷ್ಟು ಏರಿತು? ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಹೋಗಿ ಬೇಸ್‌ಮೆಂಟ್ ನೋಡಿ.

ಚೌಕಾಸಿ ಮಾಡುವಾಗ ಮರ್ಯಾದೆಯಿಂದ ಮಾಡಿ. ಬಹಳ ಜನ ಮನೆಯನ್ನು ಹೀಯಾಳಿಸಿದರೆ ರೇಟು ಇಳಿಯುತ್ತದೆ ಅಂದುಕೊಳ್ಳುತ್ತಾರೆ. ಅದು ಅವರು ಮಕ್ಕಳನ್ನು ಬೆಳೆಸಿದ ಮನೆ, ಬೇಜಾರಾಗುತ್ತದೆ. ಯಾಕೆ ಮಾರುತ್ತಿದ್ದಾರೆ, ಎಷ್ಟು ಬೇಗ ದುಡ್ಡು ಬೇಕು ಅನ್ನುವುದನ್ನು ಕೇಳಿ ತಿಳಿಯಿರಿ. ಬೇಗ ಬೇಕು ಅನ್ನುವವರಿಗೆ ಬೇಗ ಕೊಡುತ್ತೇನೆ, ಇಷ್ಟಕ್ಕೆ ಕೊಡಿ ಅನ್ನಿ. ನಿಮಗೆ ಆಷಾಢದ ಚಿಂತೆ ಇಲ್ಲದಿದ್ದರೆ ಆಗಲೇ ಮಾತುಕತೆಗೆ ಹೋಗಿ, ಪೈಪೋಟಿ ಕಡಿಮೆ ಇರುತ್ತದೆ.

ಟೋಕನ್ ಕೊಡುವಾಗ ಒಂದು ಪುಟ ಬರೆಸಿಕೊಳ್ಳಿ. ಕಾಗದದ ತೊಂದರೆಯಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಪೂರ್ತಿ ಟೋಕನ್ ವಾಪಸ್, ಇಂಥ ತಾರೀಕಿನೊಳಗೆ ಅಂತ ಇರಲಿ. ಎಲ್ಲವೂ ಬ್ಯಾಂಕಿನ ಮೂಲಕವೇ ಕೊಡಿ. ಮನೆ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಮಂದ ಮಾರ್ಕೆಟ್‌ನ ಒಂದು ಬಲೆ ಹೇಳಲೇಬೇಕು. ಗೈಡೆನ್ಸ್ ವ್ಯಾಲ್ಯೂ (ರಿಜಿಸ್ಟ್ರೇಶನ್‌ಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) 80 ಲಕ್ಷ ಇರುವ ಮನೆಯನ್ನು ಅವಸರಕ್ಕೆ 70ಕ್ಕೆ ಕೊಟ್ಟರು ಅಂತಿಟ್ಟುಕೊಳ್ಳಿ. ಸ್ಟ್ಯಾಂಪ್ ಡ್ಯೂಟಿ 80ರ ಮೇಲೆಯೇ. ವ್ಯತ್ಯಾಸ ಮಾರಿದ ಬೆಲೆಯ 10% ದಾಟಿದ್ದರಿಂದ ಮಾರುವವರ ಲಾಭದ ಲೆಕ್ಕವೂ 80ರ ಮೇಲೆ, ಕೊಂಡವರಿಗೆ ಆ 10 ಲಕ್ಷ ಆದಾಯ ಅಂತ ತೆರಿಗೆ. ರೇಟು ಒಪ್ಪುವ ಮೊದಲು ಕಾವೇರಿ ಪೋರ್ಟಲ್‌ನಲ್ಲಿ ಗೈಡೆನ್ಸ್ ವ್ಯಾಲ್ಯೂ ನೋಡಿಕೊಳ್ಳಿ.

ಮಾರಿದವರ ತೆರಿಗೆ ಚುಟುಕಾಗಿ: ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಮನೆಯ ಲಾಭಕ್ಕೆ 12.5%. 2024ರ ಜುಲೈ 23ಕ್ಕೆ ಮೊದಲು ಕೊಂಡಿದ್ದರೆ ಇಲ್ಲೇ ವಾಸ ಇರುವವರು ಇಂಡೆಕ್ಸೇಷನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವುದು) ಜೊತೆ 20%ರ ಲೆಕ್ಕವನ್ನೂ ಹಾಕಿ, ಕಡಿಮೆ ಬರುವುದನ್ನು ಹಿಡಿಯಬಹುದು. ಆ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಇದೆ. ಹಳೇ ಕ್ರಯದ ಕಾಗದದ ಜೊತೆ ರಿಪೇರಿ ಬಿಲ್ಲುಗಳನ್ನೂ ಹುಡುಕಿಟ್ಟು ಆಡಿಟರ್ ಹತ್ತಿರ ಹೋಗಿ.

ರಿಜಿಸ್ಟ್ರೇಶನ್ ಆದ ದಿನ ಕೀ ತೆಗೆದುಕೊಂಡು ಬಂದರೆ ಮುಗಿಯಲಿಲ್ಲ. ಟಿಡಿಎಸ್ ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಅದನ್ನು ಆನ್‌ಲೈನ್‌ನಲ್ಲಿ ಕಟ್ಟಿ, ಮಾರಿದವರಿಗೆ ಪ್ರಮಾಣಪತ್ರ ಕೊಡಿ. ಖಾತೆ ನಿಮ್ಮ ಹೆಸರಿಗೆ ಬಂತೇ ಅಂತ ಪೋರ್ಟಲ್‌ನಲ್ಲಿ ನೋಡಿ, ಬೆಸ್ಕಾಂ ಬಿಲ್ಲಿನ ಹೆಸರು ಬದಲಾಯಿಸಿ, ಸ್ವಲ್ಪ ದಿನ ಬಿಟ್ಟು ಹೊಸ ಇಸಿ ತೆಗೆದು ಅದರಲ್ಲಿ ನಿಮ್ಮ ಕ್ರಯ ನಮೂದಾಗಿದೆಯೇ ನೋಡಿ ಫೈಲಿಗೆ ಸೇರಿಸಿ.