ಕಿವಿರಿನ ಆರ್‌ಎನ್‌ಎ ಮತ್ತು ಅಘನಾಶಿನಿಯ ಮಳೆಗಾಲ: ಸೀಗಡಿಯ ಜೀನ್ ಅಭಿವ್ಯಕ್ತಿಯನ್ನು ಅಳೆದ ನನ್ನ ಅನುಭವ

ಜೂನ್ ತಿಂಗಳಲ್ಲಿ ಮಳೆ ಜೋರಾಗಿ ಹಿಡಿಯಿತೆಂದರೆ ಅಘನಾಶಿನಿಯ ಅಳಿವೆಯಲ್ಲಿ ನೀರಿನ ಉಪ್ಪು ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಬೇಸಿಗೆಯಲ್ಲಿ 30 ಪಿಪಿಟಿಯ, ಎಂದರೆ ಸಾವಿರ ಪಾಲಿಗೆ 30 ಪಾಲು ಉಪ್ಪಿನ, ಆಸುಪಾಸಿನಲ್ಲಿದ್ದ ಲವಣಾಂಶ 5ಕ್ಕಿಂತ ಕೆಳಗೆ ಬಂದದ್ದನ್ನು ಕುಮಟಾ ಕಡೆಯ ಗಜನಿಯಂಚಿನ (ಗಜನಿ ಎಂದರೆ ಉಪ್ಪುನೀರು ನುಗ್ಗುವ ಭತ್ತದ ಬಯಲು) ಕೊಳವೊಂದರ ದಂಡೆಯಲ್ಲಿ ನಿಂತು, ರಿಫ್ರ್ಯಾಕ್ಟೋಮೀಟರಿನಲ್ಲಿ ನಾನೇ ಕಂಡಿದ್ದೇನೆ. ಆ ಕೊಳದಲ್ಲಿ ಬೆಳೆಯುತ್ತಿದ್ದುದು ವನ್ನಾಮಿ ಸೀಗಡಿ. ಲ್ಯಾಟಿನ್ ಅಮೆರಿಕದ ಪೆಸಿಫಿಕ್ ಕರಾವಳಿಯ ಈ ತಳಿಯನ್ನು ವಾಣಿಜ್ಯ ಮಟ್ಟದಲ್ಲಿ ಸಾಕಲು ನಮ್ಮ ದೇಶದಲ್ಲಿ ಅನುಮತಿ ದೊರೆತದ್ದು 2009ರಲ್ಲಿ. ಅದರ ರಕ್ತದ ಸಾಂದ್ರತೆಯೂ ಹೊರಗಿನ ನೀರಿನ ಸಾಂದ್ರತೆಯೂ ಸಮನಾಗುವುದು ಸುಮಾರು 25 ಪಿಪಿಟಿಯಲ್ಲಿ. ನೀರು ಅದಕ್ಕಿಂತ ಸಪ್ಪೆಯಾದಷ್ಟೂ ಸೀಗಡಿಯು ಕಿವಿರಿನ ಮೂಲಕ ಲವಣವನ್ನು ಒಳಗೆಳೆದುಕೊಳ್ಳುತ್ತಲೇ ಇರಬೇಕಾಗುತ್ತದೆ, ಮತ್ತು ಆ ಕೆಲಸದ ಮುಖ್ಯ ಭಾರ ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂಬ ಪ್ರೋಟೀನಿನ ಮೇಲೆ ಬೀಳುತ್ತದೆ. ಉಪ್ಪು ಇಳಿದಾಗ ಈ ಪಂಪಿನ ಜೀನ್ ಎಷ್ಟು ಬೇಗ, ಎಷ್ಟು ಪಟ್ಟು ಹೆಚ್ಚು ಓದಿಸಿಕೊಳ್ಳುತ್ತದೆ ಎಂಬುದೇ ನನ್ನ ಸಂಶೋಧನೆಯ ಪ್ರಶ್ನೆಯಾಗಿತ್ತು. ಜೀನ್ ಓದಿಸಿಕೊಂಡಾಗಲೆಲ್ಲ ಅದರ ಆರ್‌ಎನ್‌ಎ ಪ್ರತಿಗಳು ಹುಟ್ಟುತ್ತವೆ, ನಾನು ಅಳೆಯುವುದು ಆ ಪ್ರತಿಗಳನ್ನು. ಅದರ ಜೊತೆಗೆ, ಒತ್ತಡದ ಸೂಚಕವೆಂದು ಎಲ್ಲರೂ ಅಳೆಯುವ ಎಚ್‌ಎಸ್‌ಪಿ-70 ಜೀನನ್ನೂ ಸೇರಿಸಿಕೊಂಡಿದ್ದೆ.

ಕೊಳದ ಯಜಮಾನರು ವಯಸ್ಸಾದವರು. ಹಿಂದೆ ಅದೇ ಗಜನಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆದವರು. ಮೊದಲ ದಿನ ನನ್ನ ಥರ್ಮಾಕೋಲ್ ಪೆಟ್ಟಿಗೆ, ಸಿರಿಂಜು, ಸಣ್ಣ ಸಣ್ಣ ಟ್ಯೂಬುಗಳನ್ನೆಲ್ಲ ನೋಡಿ, "ತಂಗಿ, ನಿಮ್ಮ ಮಷೀನು ಶೆಟ್ಲಿ ಸಾಯೂದನ್ನ ಮೊದಲೇ ಹೇಳ್ತದಾ?" ಎಂದು ಕೇಳಿದ್ದರು. ಶೆಟ್ಲಿ ಎಂದರೆ ಅಲ್ಲಿಯವರ ಮಾತಿನಲ್ಲಿ ಸೀಗಡಿ. ಹೇಳಬಹುದು ಎಂದು ಉತ್ತರಿಸಿದ್ದೆ. ಆಗ ನನಗೆ ಆ ಧೈರ್ಯವಿತ್ತು.

ಕೊಳದಿಂದ ನಮ್ಮ ಪ್ರಯೋಗಾಲಯಕ್ಕೆ ಹೆದ್ದಾರಿಯಲ್ಲಿ ನಾಲ್ಕು ಗಂಟೆಯ ದಾರಿ, ಮಳೆಯಲ್ಲಿ ಇನ್ನೂ ಹೆಚ್ಚು. ದ್ರವ ಸಾರಜನಕದ ಕ್ಯಾನನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲವಾದ್ದರಿಂದ, ಅಂಗಾಂಶವನ್ನು ದಂಡೆಯಲ್ಲೇ ಕತ್ತರಿಸಿ ಆರ್‌ಎನ್‌ಎ ಲೇಟರ್ ಎಂಬ, ಆರ್‌ಎನ್‌ಎಯನ್ನು ಕೆಡದಂತೆ ಕಾಯುವ ದ್ರಾವಣದಲ್ಲಿ ಮುಳುಗಿಸುವುದೊಂದೇ ನನಗಿದ್ದ ದಾರಿ. ಈ ದ್ರಾವಣ ಒಳಗಿಳಿಯುವುದು ಬಹಳ ನಿಧಾನ. ತುಂಡಿನ ಒಂದು ಬದಿಯಾದರೂ ಅರ್ಧ ಸೆಂಟಿಮೀಟರಿಗಿಂತ ತೆಳ್ಳಗಿರಬೇಕು, ದ್ರಾವಣವು ಅಂಗಾಂಶದ ಐದು ಪಟ್ಟಾದರೂ ಇರಬೇಕು, ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು ಅನಂತರವೇ ಮೈನಸ್ 80ಕ್ಕೆ ಹಾಕಬೇಕು. ಎಳೆ ಎಳೆಯಾಗಿರುವ ಕಿವಿರು ಇದಕ್ಕೆ ಒಗ್ಗಿಕೊಳ್ಳುತ್ತದೆ. ಸೀಗಡಿಯ ಜೀರ್ಣಗ್ರಂಥಿಯಾದ ಹೆಪಟೊಪ್ಯಾಂಕ್ರಿಯಾಸ್ ಹಾಗಲ್ಲ, ಅದು ಜೀರ್ಣರಸಗಳ ಚೀಲವೇ ಆಗಿರುವುದರಿಂದ ಸೀಗಡಿ ಸತ್ತ ಕೆಲವೇ ನಿಮಿಷಗಳಲ್ಲಿ ತನ್ನ ಆರ್‌ಎನ್‌ಎಯನ್ನು ತಾನೇ ತಿಂದು ಮುಗಿಸತೊಡಗುತ್ತದೆ. ಎರಡು ಸಲ ಕೈಸುಟ್ಟುಕೊಂಡ ಮೇಲೆ ನಾನು ಆ ಅಂಗವನ್ನೇ ಯೋಜನೆಯಿಂದ ಕೈಬಿಟ್ಟೆ.

ಪ್ರಯೋಗಾಲಯದ ಕೆಲಸದಲ್ಲಿ ನನ್ನ ಮೊದಲ ದೊಡ್ಡ ತಪ್ಪು ಒಳ್ಳೆಯದನ್ನು ಕೆಟ್ಟದ್ದೆಂದು ಎಸೆದದ್ದು. ಜೀವಕೋಶಗಳನ್ನು ಕರಗಿಸುವ ಟ್ರೈಜಾಲ್ ದ್ರಾವಣದಲ್ಲಿ ಕಿವಿರನ್ನು ಅರೆದು, ಕ್ಲೋರೋಫಾರ್ಮ್ ಸೇರಿಸಿ, 12,000 ಜಿ (ಗುರುತ್ವದ 12,000 ಪಟ್ಟು) ಬಲದಲ್ಲಿ ಹದಿನೈದು ನಿಮಿಷ ತಿರುಗಿಸಿದಾಗ ಕೆಳಗೆ ಗುಲಾಬಿ ಬಣ್ಣದ ಫೀನಾಲ್, ನಡುವೆ ಬಿಳಿಯ ಕೆನೆಯಂಥ ಪದರ, ಮೇಲೆ ನೀರಿನಷ್ಟು ತಿಳಿಯಾದ ಭಾಗ ಬೇರೆಯಾಗುತ್ತವೆ. ನಮಗೆ ಬೇಕಾದ ಆರ್‌ಎನ್‌ಎ ಇರುವುದು ಆ ಮೇಲಿನ ತಿಳಿಯಲ್ಲಿ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಶುದ್ಧತೆಯನ್ನು ತೋರುವ, 260 ಮತ್ತು 280 ನ್ಯಾನೊಮೀಟರುಗಳಲ್ಲಿ ಬೆಳಕಿನ ಹೀರಿಕೆಯ ಅನುಪಾತವೂ 2ರ ಹತ್ತಿರ ಬಂದಿತ್ತು. ಆದರೆ ಮಾದರಿಯನ್ನು 70 ಡಿಗ್ರಿಗೆ ಕಾಯಿಸಿ, ಅಣುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ಲಿನಲ್ಲಿ ಓಡಿಸಿದಾಗ, ಪಠ್ಯಪುಸ್ತಕಗಳು ತೋರಿಸುವ 28ಎಸ್ ಮತ್ತು 18ಎಸ್ ಎಂಬ ಎರಡು ರೈಬೋಸೋಮ್ ಆರ್‌ಎನ್‌ಎ ಪಟ್ಟಿಗಳ ಬದಲು ಒಂದೇ ಪಟ್ಟಿ ಕಾಣಿಸಿತು. ಯಂತ್ರ ಕೊಡುವ ಗುಣಮಟ್ಟದ ಅಂಕವೂ ಕೆಳಗಿತ್ತು. ಆರ್‌ಎನ್‌ಎ ಮುರಿದುಹೋಗಿದೆ ಎಂದುಕೊಂಡು ಕೈಗವಸು, ನೀರು, ಟ್ಯೂಬು ಎಲ್ಲವನ್ನೂ ಬದಲಿಸುತ್ತ ಸುಮಾರು ಒಂದು ತಿಂಗಳು ಮಾದರಿಗಳನ್ನು ಎಸೆಯುತ್ತ ಹೋದೆ. ಬೇರೊಂದು ಪ್ರಯೋಗಾಲಯದಲ್ಲಿ ಕೀಟಗಳ ಮೇಲೆ ಕೆಲಸ ಮಾಡುವ ಗೆಳತಿಯೊಬ್ಬಳು ಜೆಲ್ಲಿನ ಚಿತ್ರ ನೋಡಿ ನಕ್ಕ ಮೇಲೆ ವಿಷಯ ತಿಳಿಯಿತು. ಕೀಟಗಳಂತೆಯೇ ಸೀಗಡಿಯ 28ಎಸ್ ಅಣುವಿನ ನಡುವೆ ಹುಟ್ಟಿನಿಂದಲೇ ಒಂದು ಗುಪ್ತ ಸೀಳು ಇರುತ್ತದೆ. ತಂಪಿನಲ್ಲಿ ಎರಡು ತುಂಡುಗಳೂ ಜಲಜನಕದ ಬಂಧಗಳಿಂದ ಅಂಟಿಕೊಂಡಿರುತ್ತವೆ. ಕಾಯಿಸಿದೊಡನೆ ಬಿಟ್ಟುಕೊಂಡು, ಎರಡೂ 18ಎಸ್‌ನಷ್ಟೇ ಉದ್ದವಿರುವುದರಿಂದ ಅದರ ಜೊತೆಗೇ ಓಡಿ ಒಂದೇ ಪಟ್ಟಿಯಾಗಿ ನಿಲ್ಲುತ್ತವೆ. ಸಸ್ತನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಅಂಕವನ್ನು ಸೀಗಡಿಗೆ ಹಾಕಿ ನೋಡುವುದೇ ತಪ್ಪು. ಮರುದಿನ ಕಾಯಿಸದೆ ಓಡಿಸಿದಾಗ ಎರಡು ಪಟ್ಟಿಗಳೂ ಚೊಕ್ಕವಾಗಿ ಬಂದವು.

ಎರಡನೆಯ ಪಾಠವನ್ನು ಆಕ್ಟಿನ್ ಕಲಿಸಿತು. ರಿಯಲ್-ಟೈಮ್ ಪಿಸಿಆರ್‌ನಲ್ಲಿ ಬೇಕಾದ ಜೀನಿನ ಸಿಟಿ ಮೌಲ್ಯವನ್ನು (ಪ್ರತಿಗಳು ಯಂತ್ರಕ್ಕೆ ಕಾಣುವಷ್ಟಾಗಲು ಬೇಕಾದ ಸುತ್ತುಗಳ ಎಣಿಕೆ, ಆರ್‌ಎನ್‌ಎ ಹೆಚ್ಚಿದ್ದಷ್ಟೂ ಇದು ಕಡಿಮೆ) ಸದಾ ಒಂದೇ ಮಟ್ಟದಲ್ಲಿರುವ ಜೀನೊಂದಕ್ಕೆ ಹೋಲಿಸಬೇಕು. ಆ ಸ್ಥಾನಕ್ಕೆ ಬೀಟಾ-ಆಕ್ಟಿನ್ ಅನ್ನು ಕೂರಿಸುವುದು ರೂಢಿ. ಪ್ರತಿ ಸುತ್ತಿಗೂ ಪ್ರತಿಗಳು ಇಮ್ಮಡಿಯಾಗುವುದರಿಂದ ಸಿಟಿಯಲ್ಲಿ ಒಂದು ಅಂಕದ ವ್ಯತ್ಯಾಸವೆಂದರೆ ಎರಡು ಪಟ್ಟು, ಎರಡು ಅಂಕವೆಂದರೆ ನಾಲ್ಕು ಪಟ್ಟು. ನನ್ನ ಸಪ್ಪೆ ನೀರಿನ ಮಾದರಿಗಳಲ್ಲಿ ಅದೇ ಆಕ್ಟಿನ್ನಿನ ಸಿಟಿ ಸುಮಾರು ಎರಡು ಅಂಕ ಮೇಲೇರಿತ್ತು, ಎಂದರೆ ಅದರ ಪ್ರಮಾಣ ಕಾಲು ಭಾಗಕ್ಕೆ ಇಳಿದಿತ್ತು. ಅಳತೆಗೋಲೇ ಕುಗ್ಗುವಾಗ ಅದರಿಂದ ಅಳೆದ ಬಟ್ಟೆ ಬೆಳೆದಂತೆ ಕಾಣುವುದು ಸಹಜ. ಅಂದಿನಿಂದ ಎರಡು-ಮೂರು ಜೀನುಗಳನ್ನು ಮೊದಲೇ ಪರೀಕ್ಷಿಸಿ, ಅಲುಗಾಡದವುಗಳ ಸರಾಸರಿಯನ್ನು ಹಿಡಿಯುತ್ತೇನೆ. ಇಂಥ ಪಿಸಿಆರ್ ಪ್ರಯೋಗಗಳಿಗೆಂದೇ 2009ರಲ್ಲಿ ಬಂದ ಎಂಐಕ್ಯುಇ ಮಾರ್ಗಸೂಚಿ ಹೇಳುವುದೂ ಇದನ್ನೇ, ಆದರೆ ಕೈಯಾರೆ ಕೆಡಿಸಿಕೊಳ್ಳುವವರೆಗೆ ಅದನ್ನು ನಾನು ಗಮನವಿಟ್ಟು ಓದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಪಿಸಿಆರ್‌ಗೆ ಬೇಕಾದ ಜೀನನ್ನು ಗುರುತಿಸಿಕೊಡುವ ಪ್ರೈಮರುಗಳ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. 2019ರಲ್ಲಿ ಪ್ರಕಟವಾದ ವನ್ನಾಮಿಯ ಜೀನೋಮಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಬರಿಯ ಪುನರಾವರ್ತಿತ ಸಣ್ಣ ಸರಣಿಗಳೇ ಇರುವುದರಿಂದ, ಮೆಲ್ಟ್ ಕರ್ವ್‌ನಲ್ಲಿ ಒಂದೇ ಶಿಖರ ಬರುವವರೆಗೆ, ಎಂದರೆ ಒಂದೇ ಸರಣಿಯ ಪ್ರತಿಗಳಾಗಿವೆ ಎಂದು ಗೊತ್ತಾಗುವವರೆಗೆ, ಮುಂದೆ ಹೋಗಬಾರದು, ಅಷ್ಟೆ.

ಇಷ್ಟೆಲ್ಲ ಸರಿಪಡಿಸಿಕೊಂಡರೂ ಒಂದೇ ಕೊಳದ, ಒಂದೇ ಗಾತ್ರದ ಆರು ಸೀಗಡಿಗಳು ಆರು ದಿಕ್ಕಿಗೆ ಎಳೆಯುತ್ತಿದ್ದವು. ಇದರ ಕಾರಣವನ್ನು ಹೇಳಿಕೊಟ್ಟವರು ಆ ಯಜಮಾನರೇ. ನಾನು ಮಾದರಿಗೆಂದು ಹುಣ್ಣಿಮೆಯ ಮರುದಿನ ಹೋಗಿದ್ದೆ. "ಇವತ್ತು ಅರ್ಧ ಶೆಟ್ಲಿ ಪೊರೆ ಬಿಟ್ಟು ಮೆತ್ತಗಾಗಿ ಕೂತಿರ್ತವೆ, ಇವನ್ನ ತಗೊಂಡು ಏನ್ ಮಾಡ್ತೀರಿ?" ಎಂದರು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೀಗಡಿಗಳು ಗುಂಪಾಗಿ ಪೊರೆ ಕಳಚುತ್ತವೆ ಎಂಬುದು ಸಾಕಣೆದಾರರೆಲ್ಲರ ಮಾತು. ಅವರು ಮೇವಿನ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಇಳಿಸುತ್ತಾರೆ. ಪೊರೆ ಕಳಚುವ ಮುಂಚೆಯೂ ಅನಂತರವೂ ಸೀಗಡಿಯ ದೇಹದಲ್ಲಿ ನೀರು ಮತ್ತು ಲವಣಗಳ ಓಡಾಟ ಪೂರ್ತಿ ಬದಲಾಗುತ್ತದೆ, ಅದರೊಂದಿಗೆ ನಾನು ಅಳೆಯಬೇಕೆಂದಿದ್ದ ಪಂಪಿನ ಕೆಲಸವೂ ಬದಲಾಗುತ್ತದೆ. ನಾನು ಉಪ್ಪಿನ ಪರಿಣಾಮವೆಂದು ಬರೆದುಕೊಂಡಿದ್ದರಲ್ಲಿ ಎಷ್ಟೋ ಪಾಲು ಪೊರೆಯ ಪರಿಣಾಮವಾಗಿತ್ತು. ಈಗ ಪ್ರತಿ ಸೀಗಡಿಯ ಬಾಲದ ಬದಿಯ ಎಲೆಯಂಥ ಭಾಗವನ್ನು ಕತ್ತರಿಸಿ, ಸೂಕ್ಷ್ಮದರ್ಶಕದಡಿ ಅದರ ಅಂಚಿನ ರೋಮಗಳ ಬುಡವನ್ನು ನೋಡುತ್ತೇನೆ. ಒಳಚರ್ಮವು ಹೊರಪೊರೆಯಿಂದ ಹಿಂದೆ ಸರಿದು ನಡುವೆ ಬಿಳಿ ಗೆರೆಯಂಥ ಸಂದು ಕಂಡರೆ ಅದು ಪೊರೆ ಬಿಡಲು ಸಿದ್ಧವಾಗಿದೆ ಎಂದರ್ಥ, ಅಂಥವನ್ನು ಪಕ್ಕಕ್ಕಿಡುತ್ತೇನೆ.

ನಡುವೆ ಒಂದು ಕಂತು ಪೂರ್ತಿ ಹಾಳಾಯಿತು. ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ಸೀಗಡಿಗಳಲ್ಲಿ ಬಿಳಿಚುಕ್ಕೆ ರೋಗದ ವೈರಾಣು ಪಿಸಿಆರ್‌ನಲ್ಲಿ ಸಿಕ್ಕಿತು. 1994ರಲ್ಲಿ ನಮ್ಮ ಕರಾವಳಿಗೆ ಬಂದ ಈ ವೈರಾಣು ಇನ್ನೂ ಬಿಟ್ಟುಹೋಗಿಲ್ಲ. ಮೊದಲೇ ಪರೀಕ್ಷಿಸದಿದ್ದರೆ ರೋಗದ ಪ್ರತಿಕ್ರಿಯೆಯನ್ನೇ ಮಳೆನೀರಿನ ಪ್ರತಿಕ್ರಿಯೆಯೆಂದು ಬರೆದುಬಿಡುತ್ತಿದ್ದೆ.

ಕೊನೆಗೆ ಉಳಿದದ್ದು ಎಚ್‌ಎಸ್‌ಪಿ-70. ಕೊಳದಿಂದ ತಂದ ಮಾದರಿಗಳಲ್ಲಿ ಉಪ್ಪು ನೀರಿನದರಲ್ಲೂ ಸಪ್ಪೆ ನೀರಿನದರಲ್ಲೂ ಅದು ಏರಿಯೇ ಇತ್ತು, ಅದೂ ಮನಬಂದಂತೆ. ನನ್ನ ಟಿಪ್ಪಣಿ ಪುಸ್ತಕವನ್ನು ಹಿಂದಕ್ಕೆ ತಿರುವಿದಾಗ, ಬೀಸುಬಲೆಯಲ್ಲಿ ಹಿಡಿದ ಸೀಗಡಿಗಳನ್ನು ಬಕೆಟಿನಲ್ಲಿ ಹಾಕಿಕೊಂಡು ಒಂದೊಂದಾಗಿ ಕತ್ತರಿಸುತ್ತಿದ್ದೆ ಎಂಬುದು ಕಣ್ಣಿಗೆ ಬಿತ್ತು. ಮೊದಲನೆಯದು ಎರಡು ನಿಮಿಷ ಕಾದಿದ್ದರೆ ಕೊನೆಯದು ಮುಕ್ಕಾಲು ಗಂಟೆ ಆ ಬಕೆಟಿನ ಇಕ್ಕಟ್ಟಿನಲ್ಲಿ ಕಾದಿತ್ತು. ಕತ್ತರಿಸಿದ ಕ್ರಮಕ್ಕೆ ಅಂಕಿಗಳನ್ನು ಜೋಡಿಸಿದಾಗ ಏರಿಕೆ ಆ ಸಾಲಿನಂತೆಯೇ ಬಂತು. ನಾನು ಅಳೆದದ್ದು ನನ್ನ ಬಕೆಟನ್ನು.

ಪ್ರಯೋಗವನ್ನು ತೊಟ್ಟಿಗಳಲ್ಲಿ ಮತ್ತೆ ನಡೆಸಿದೆ. 28 ಪಿಪಿಟಿಯಿಂದ 5ಕ್ಕೆ ಇಳಿಸಿದ ಗುಂಪು ಒಂದು ಕಡೆ, ಅಷ್ಟೇ ಸಲ ನೀರು ಬದಲಿಸಿಯೂ ಉಪ್ಪನ್ನು ಇಳಿಸದ ಗುಂಪು ಇನ್ನೊಂದು ಕಡೆ. ಎರಡರಿಂದಲೂ ಸೀಗಡಿಗಳನ್ನು ಒಂದೊಂದಾಗಿ ಎತ್ತಿ ನೇರವಾಗಿ ಪುಡಿ ಮಂಜುಗಡ್ಡೆಯ ನೀರಿಗೆ ಹಾಕಿದೆ. ಪಂಪಿನ ಜೀನಿನ ಏರಿಕೆ ಕಿವಿರಿನಲ್ಲಿ ಉಳಿದುಕೊಂಡಿತು, ಮೊದಲು ಕಂಡದ್ದಕ್ಕಿಂತ ಚಿಕ್ಕದಾಗಿ, ಆದರೆ ಎಲ್ಲ ಸೀಗಡಿಗಳಲ್ಲೂ ಒಂದೇ ದಿಕ್ಕಿಗೆ. ಎಚ್‌ಎಸ್‌ಪಿ-70ರಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಉಳಿಯಲಿಲ್ಲ, ಮತ್ತು ನಾನು ಬಹಳ ಇಷ್ಟಪಟ್ಟಿದ್ದ ಆ ಜೀನಿನ ಚಿತ್ರವನ್ನು ಪ್ರಬಂಧದಿಂದ ತೆಗೆದುಹಾಕಿದೆ.

ಮುಂದಿನ ಮಳೆಗಾಲಕ್ಕೆ ಕೊಳಕ್ಕೆ ಹೋದಾಗ ಯಜಮಾನರಿಗೆ ಅವರ ಹಳೆಯ ಪ್ರಶ್ನೆಯ ಉತ್ತರವನ್ನು ಬದಲಿಸಿ ಹೇಳಿದೆ: ಸಾಯುವುದನ್ನು ನನ್ನ ಮಷೀನು ಹೇಳುವುದಿಲ್ಲ, ಉಪ್ಪು ಇಳಿದಾಗ ಸೀಗಡಿ ಉಳಿಯಲು ಎಷ್ಟು ದುಡಿಯುತ್ತಿದೆ ಎಂಬುದನ್ನು ಮಾತ್ರ, ಅದೂ ದುಡಿದಾದ ಮೇಲೆ, ಹೇಳುತ್ತದೆ. "ಅಷ್ಟು ನಮ್ಮ ಚೆಕ್ ಟ್ರೇನೂ ಹೇಳ್ತದಲ್ಲ, ಮೇವು ಉಳಿದಿದ್ದು ನೋಡಿದ್ರೆ" ಎಂದು ಅವರು ಬಲೆಯನ್ನು ತೋಳಿಗೆ ಹಾಕಿಕೊಂಡರು. ನಾನು ಗಡಿಯಾರ ನೋಡಿ, ಬಲೆ ನೀರಿಗೆ ಬಿದ್ದ ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಂಡೆ.